ಅಪ್ಪ ಸಹಿ ಹಾಕಿಟ್ಟ ಪತ್ರಗಳು

ಅಪ್ಪಾ,

ಬಡಗಿ ಮನೆ ಅತ್ತೆ ಇವತ್ತು ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಸದಸ್ಯತ್ವದ ವರ್ಗಾವಣೆ ಪತ್ರ ಕೇಳಿದರು. ಪಟ್ಟಣಕ್ಕೆ, ಮಗಳ ಮನೆಗೆ ಹೋಗ್ತಾರಂತೆ. ಹಿರಿಯರ ಸಹಿಯಿರುವ ಪತ್ರ ಇಲ್ಲದೆ ಬೇರೆ ಸಭೆಯವರು ಸೇರಿಸಿಕೊಳ್ಳಲ್ಲ ಅಂತ ನೀನೇ ಹೇಳ್ತಿದ್ದೆ. ಪಾದ್ರಿಯೂ ಇಲ್ಲದ ನಮ್ಮ ಸಭೆಗೆ ಕೊನೆಯ ಹಿರಿಯ ನೀನು. ಅದಕ್ಕೇ ಸಾಯುವ ಮುಂಚೆ ದಿಂಬಿಗೆ ಒರಗಿ ಕೂತು ಖಾಲಿ ಪತ್ರಗಳಿಗೆ ಸಹಿ ಹಾಕಿಟ್ಟೆ. "ಯಾರಿಗೂ ತೊಂದರೆ ಆಗಬಾರದು" ಅಂದೆ.

ಕಪಾಟಿನಲ್ಲಿ ಒಂದೇ ಉಳಿದಿತ್ತು. ಪೆನ್ನು ಹಿಡಿದು ಸುಮ್ಮನೆ ಕೂತೆ. "ಯಾಕೆ, ಇಂಕು ಖಾಲಿಯಾಯ್ತಾ?" ಅಂದರು ಅತ್ತೆ. ಇಲ್ಲ ಅಂದು ಅವರ ಹೆಸರು ಬರೆದುಕೊಟ್ಟೆ. ನೂರು ವರ್ಷದ ಹಿಂದೆ ನಲವತ್ತು ಮನೆಗಳಿಂದ ಶುರುವಾದ ಸದಸ್ಯರ ಪುಸ್ತಕದಲ್ಲಿ ಅವರ ಹೆಸರಿನ ಮೇಲೂ ಗೆರೆ ಎಳೆದೆ. ಹೊರಡುವಾಗ ಕೈ ಹಿಡಿದು, "ನೀನಿದ್ದೀಯಲ್ಲ, ಚರ್ಚಿಗೆ ಬೀಗ ಬೀಳಲ್ಲ ಬಿಡು" ಅಂದರು. ಥೇಟ್ ನಿನ್ನದೇ ಮಾತು.

ಆಮೇಲೆ ಖಾಲಿ ಬೆಂಚುಗಳ ಧೂಳು ಒರೆಸುತ್ತಾ ಎಣಿಸಿದೆ. ನೀನು ಸಹಿ ಹಾಕಿದ ದಿನ ನಿನ್ನ ಬಿಟ್ಟು, ನಾನೂ ಸೇರಿ ಆರು ಜನ ಇದ್ದೆವು. ಪತ್ರ ಐದು.

ಲೆಕ್ಕದಲ್ಲಿ ನೀನು ಯಾವತ್ತೂ ತಪ್ಪಿದವನಲ್ಲ, ಅಪ್ಪಾ.