ಇಪ್ಪತ್ತೈದು ಮೆಣಸಿನ ಗಸಿ

ಬೆಳುವಾಯಿ
11 ನವೆಂಬರ್ 2024

ಪ್ರೀತಿಯ ಪ್ರಾಪ್ತಿ,

ನಿನ್ನ ಭಾವನಿಗೆ ಈಗ ವಾಸನೆ ತಿಳಿಯುತ್ತದೆ. ಇದನ್ನು ಮೊದಲು ಹೇಳಿದ್ದು ಡಾಕ್ಟರರಲ್ಲ, ಅವರೇ. ಕಳೆದ ಮಂಗಳವಾರ ನೀನು ಸಿದ್ಧಕಟ್ಟೆಯಿಂದ ಜತ್ತಪ್ಪನ ರಿಕ್ಷಾದಲ್ಲಿ ಕಳಿಸಿದ ಬಂಗುಡೆ ಮೀನಿನ ಗಸಿಯ ಮುಚ್ಚಳ ತೆಗೆದವರು, "ಇದರಲ್ಲಿ ಓಮ ಉಂಟಲ್ಲ ಸರಸ, ಎಂಥ ಪರಿಮಳ" ಎಂದರು. ನಾನು ಇಪ್ಪತ್ತೆರಡು ವರ್ಷದಿಂದ ಗಸಿಗೆ ಓಮ ಹಾಕುತ್ತಿದ್ದೇನೆ.

ಆಪರೇಷನ್ ಆಗಿ ಇವತ್ತಿಗೆ ಮೂರು ವಾರ. ಮೂಗಿನೊಳಗಿನ ನಡುಗೋಡೆ ಎಡಕ್ಕೆ ಬಾಗಿ ಒಂದು ಹೊಳ್ಳೆ ಪೂರ್ತಿ ಮುಚ್ಚಿತ್ತು, ಇನ್ನೊಂದೂ ಒಳಗೆ ಊದಿ ಕಟ್ಟಿತ್ತು ಎಂದು ಮೂಡುಬಿದಿರೆಯ ಡಾಕ್ಟರರು ಚಿತ್ರ ಬರೆದು ತೋರಿಸಿದ್ದರು. ಹೊರಗೆ ಗಾಯವಿಲ್ಲ, ಒಳಗಿನಿಂದಲೇ ನೇರ ಮಾಡಿದರು. ಎರಡನೇ ದಿನ ಒಳಗೆ ತುಂಬಿದ್ದ ಬಟ್ಟೆ ತೆಗೆದರು. ಈಗ ದಿನಕ್ಕೆ ಮೂರು ಸಲ ಉಪ್ಪುನೀರಿನಲ್ಲಿ ಮೂಗು ತೊಳೆಯುತ್ತಾರೆ, ಬಾಯಿ ಮುಚ್ಚಿ ನಿದ್ದೆ ಮಾಡುತ್ತಾರೆ.

ಮದುವೆಯಾದ ಹೊಸದರಲ್ಲಿ ನನ್ನ ಅಡುಗೆ ಅವರಿಗೆ ಸಪ್ಪೆ ಎನಿಸುತ್ತಿತ್ತು. ಹತ್ತು ಮೆಣಸು ಹದಿನೈದಾಯಿತು, ಕೊನೆಗೆ ಇಪ್ಪತ್ತೈದು. ಸರಸನ ಕೈ ಖಾರ ಎಂದು ಅತ್ತೆ ಊರಿಗೆಲ್ಲ ಹೇಳಿದರು. ಮೈದುನ ಲತೇಶನನ್ನು ಮದುವೆಯಾಗಿ ನೀನು ಬಂದ ವರ್ಷ, ನನ್ನ ಗಸಿ ಉಂಡು ಎಲ್ಲರೆದುರು ಬೆಲ್ಲ ಕೇಳಿದ್ದೆ. ನಿನಗೆ ನೆನಪಿರಲಿಕ್ಕಿಲ್ಲ. ನಿನ್ನ ಭಾವ ಒಬ್ಬರು ಮಾತ್ರ ಎರಡನೇ ಸಲ ಬಡಿಸಿಕೊಂಡರು. ನನಗೆ ಅಷ್ಟು ಸಾಕಿತ್ತು.

ಬುಧವಾರ ನಾನು ಮಾಡಿದ್ದನ್ನು ಒಂದು ತುತ್ತು ತಿಂದು ನೀರು ಕುಡಿದರು. "ಪ್ರಾಪ್ತಿ ಹೇಗೆ ಮಾಡ್ತಾಳೆ ಅಂತ ಒಮ್ಮೆ ಕೇಳಿ ನೋಡುವ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರ ಮೂಗಿಗೆ ಹೊಂದಿಸಿಕೊಂಡ ಕೈ ಇದು ಎಂದು ನಾನೂ ಹೇಳಲಿಲ್ಲ. ಅಂದಿನಿಂದ ಗಂಜಿ, ಚಟ್ನಿಯಲ್ಲೇ ದಿನ ಹೋಗುತ್ತಿದೆ.

ಫೋನಿನಲ್ಲಿ ನಿನ್ನನ್ನು ಕೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆದೆ. ನೀನು ನಿನ್ನೆ ಮತ್ತೆ ಕಳಿಸಿದ ಗಸಿಯೂ ಮುಗಿಯಿತು. ಎರಡೂ ಪಾತ್ರೆಗಳನ್ನು ಜತ್ತಪ್ಪನ ಕೈಯಲ್ಲಿ ಕಳಿಸಿದ್ದೇನೆ.

ನಿನ್ನ
ಸರಸಕ್ಕ

ವಿ.ಸೂ.: ನಿನ್ನೆಯ ಗಸಿಯನ್ನು ಅವರಿಗೆ ತೋರಿಸಲಿಲ್ಲ. ಅವರು ಔಷಧಿ ತರಲು ಪೇಟೆಗೆ ಹೋಗಿದ್ದಾಗ ನಾನೊಬ್ಬಳೇ ಕೂತು ಉಂಡೆ. ಚೆನ್ನಾಗಿತ್ತು. ಪಾತ್ರೆ ಖಾಲಿ ಕಳಿಸಬಾರದು, ಹಾಗಾಗಿ ದೊಡ್ಡದರಲ್ಲಿ ನನ್ನ ಗಸಿ ಉಂಟು. ಹದಿನಾಲ್ಕೇ ಮೆಣಸು. ಅವರಿನ್ನೂ ರುಚಿ ನೋಡಿಲ್ಲ. ನೀನು ಉಂಡು ಬುಧವಾರದೊಳಗೆ ನಿಜ ಹೇಳು, ಬೆಲ್ಲ ಬೇಕಾದರೆ ಅದನ್ನೂ ಹೇಳು. ಗುರುವಾರ ಹತ್ತೂವರೆಗೆ ಮೂಡುಬಿದಿರೆಯಲ್ಲಿ ಮೂಗು ತೋರಿಸಲಿಕ್ಕೆ ಉಂಟು. ಮಧ್ಯಾಹ್ನ ಅವರು ಮನೆಯಲ್ಲೇ ಉಣ್ಣುತ್ತಾರೆ.