ಮಂಚಕ್ಕೆ ಬಿಟ್ಟ ಮೂವತ್ತು ಇಂಚು

ಮೇ 3, ಮಂಗಳವಾರ

ಅಕ್ಷರ ಕೆಟ್ಟದಾಗಿದೆ. ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ. ಓದುವವರು ಯಾರೂ ಇಲ್ಲ, ಆದರೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು.

ಬೆಳಿಗ್ಗೆ ಹನ್ನೊಂದು ಅಂಗಿಗೆ ಗುಂಡಿ ಹಚ್ಚಿದೆ. ಕತ್ತರಿಸುವುದು, ಹೊಲಿಯುವುದು ಅತ್ತಿಗೆ. ಗುಂಡಿ, ಕಾಜ, ಅಂಚು ನನ್ನದು. ಟೇಪು ಮಾತ್ರ ಮುಟ್ಟಲು ಬಿಡುವುದಿಲ್ಲ. ನಾನು ಇಲ್ಲಿಗೆ ಬಂದು ಎರಡು ವರ್ಷವಾಯಿತು. ಅಳತೆ ನಿನಗೆ ಬೇಡ ಅಂದರೆ ಬೇಡ, ಅಷ್ಟೇ.

ಮಧ್ಯಾಹ್ನ ಬಡಗಿ ಬಂದಿದ್ದ. ಕಿವಿಯ ಮೇಲೆ ಸದಾ ಪೆನ್ಸಿಲ್ ಇರುವುದರಿಂದ ಬೀದಿಗೆಲ್ಲ ಅವನ ಹೆಸರೇ ಪೆನ್ಸಿಲ್. ನಾನು ಮಲಗುವ ಕೋಣೆಗೆ ವಾರ್ಡ್‌ರೋಬ್ ಮಾಡಿಸುತ್ತಾರಂತೆ. ಗೋಡೆಯಿಂದ ಗೋಡೆಗೆ ಏಳೇ ಅಡಿ. ಕೋಣೆ ಅಂದರೆ ಕೋಣೆ, ಬೆಂಕಿಪೊಟ್ಟಣ ಅಂದರೆ ಬೆಂಕಿಪೊಟ್ಟಣ. ನನ್ನ ಮಂಚ, ಬಟ್ಟೆಯ ಥಾನುಗಳು, ಅಣ್ಣನ ಟ್ರಂಕು — ಎಲ್ಲ ಅದರಲ್ಲೇ. ಅಣ್ಣ ಲಾರಿ ಹತ್ತಿ ಹೋದರೆ ಇಪ್ಪತ್ತು ದಿನ ಬರುವುದಿಲ್ಲ. ಕೇಳೋಣವೆಂದರೆ ಅವನೂ ಇಲ್ಲ.

ಇಬ್ಬರೂ ಕೋಣೆಯಲ್ಲಿ ನಿಂತು ಪಿಸುಗುಟ್ಟುತ್ತಿದ್ದರು. ನಾನು ನೀರು ತೆಗೆದುಕೊಂಡು ಹೋದೆ. ಮಾತು ನಿಂತಿತು.

ಮೇ 4, ಬುಧವಾರ

ಪೆನ್ಸಿಲ್ ಬರೆದ ನಕ್ಷೆ ಕಿಟಕಿಯ ಹತ್ತಿರ, ದೊಡ್ಡ ಕತ್ತರಿಯ ಕೆಳಗಿತ್ತು. ನೋಡಿದೆ. ವಾರ್ಡ್‌ರೋಬ್ 54 ಇಂಚು, ಮಂಚ 30. ಸೇರಿದರೆ ಪೂರ್ತಿ ಗೋಡೆ.

ಮೇಲಿನ ಖಾನೆ — ಹಾಸಿಗೆ, ಹೊದಿಕೆ. ಬಲಕ್ಕೆ — ಅಣ್ಣನ ಬಟ್ಟೆ. ನಡುವೆ — ಥಾನುಗಳು. ಕೆಳಗೆ ಮಂಚದ ಪಕ್ಕದಲ್ಲಿ ಬಾಗಿಲಿಲ್ಲದ ಒಂದು ದೊಡ್ಡ ಚೌಕ. ಅದರೊಳಗೆ ಏನೂ ಬರೆದಿಲ್ಲ. ನನ್ನ ಬಟ್ಟೆ ಎಲ್ಲಿ ಅಂತಲೂ ಎಲ್ಲೂ ಬರೆದಿಲ್ಲ.

ಮೇ 7, ಶನಿವಾರ. ಸಂಜೆ

ಹಿತ್ತಲ ಬಾಗಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಪೆನ್ಸಿಲ್ ಮುಂದಿನ ಬಾಗಿಲಲ್ಲಿದ್ದ. ಅತ್ತಿಗೆ ಹೇಳಿದ್ದು ಕಿವಿಗೆ ಬಿತ್ತು.

"ಅವಳಿಗೆ ಈಗ್ಲೇ ಹೇಳ್ಬೇಡಪ್ಪ. ಹೇಳಿದ್ರೆ ಬೇಡ ಅಂತಾಳೆ. ಎಲ್ಲ ಆದ್ಮೇಲೆ ಗೊತ್ತಾಗ್ಲಿ."

ಏನು ಗೊತ್ತಾಗಬೇಕು? ಕೈಯಲ್ಲಿದ್ದ ಅಂಗಿಯನ್ನು ಮೂರು ಸಲ ಹಿಂಡಿದೆ.

ಇಲ್ಲಿಗೆ ಬರುವ ಮೊದಲು ದೊಡ್ಡಮ್ಮನ ಮನೆಯಲ್ಲಿದ್ದೆ. ಅಲ್ಲಿಯೂ ಹೀಗೇ. ಜಾಗ ಸಾಲದು ಅಂತ ಮೊದಲು ಮಂಚ ಹೋಯಿತು. ಆಮೇಲೆ ನಾನು.

ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಎಂದಿಗಿಂತ ಹೆಚ್ಚು ಬಡಿಸಿದರು. ಅದೂ ಸರಿ ಅನ್ನಿಸಲಿಲ್ಲ.

ಮೇ 8, ಭಾನುವಾರ

ಅತ್ತಿಗೆ ದಾರದ ಉಂಡೆ ತರಲು ಹೋದರು. ಟೇಪು ಮೆಷಿನ್ ಮೇಲೇ ಇತ್ತು. ತೆಗೆದುಕೊಂಡೆ.

ಹಿತ್ತಾಳೆಯ ತುದಿಯನ್ನು ಮಂಚದ ಒಂದು ಬದಿಗೆ ಒತ್ತಿ ಹಿಡಿದು ಇನ್ನೊಂದು ಬದಿಗೆ ಎಳೆದೆ. ಮೂವತ್ತಮೂರು. ಇನ್ನೊಮ್ಮೆ. ಮೂವತ್ತಮೂರು.

ನಕ್ಷೆಯಲ್ಲಿ ಮಂಚಕ್ಕೆ ಬಿಟ್ಟದ್ದು ಮೂವತ್ತು. ಎಲ್ಲ ತಿಳಿಯಿತು. ವಾರ್ಡ್‌ರೋಬ್ ಬಂದು ಕೂತ ಮೇಲೆ, ಅಯ್ಯೋ ಮಂಚ ಹಿಡಿಸುತ್ತಿಲ್ಲವಲ್ಲ, ಅನ್ನುತ್ತಾರೆ. ಯಾರೂ ಯಾರನ್ನೂ ಹೊರಗೆ ಕಳಿಸಿದ ಹಾಗಾಗುವುದಿಲ್ಲ. ಮಂಚವೇ ಹೋದ ಹಾಗಾಗುತ್ತದೆ.

ಜಗಳವಾಡುವ ಬಾಯಿ ನನಗಿಲ್ಲ. ರಬ್ಬರ್ ಇತ್ತು. 54ರ ನಾಲ್ಕನ್ನು ಅಳಿಸಿ ಒಂದು ಮಾಡಿದೆ. ಈಗ 51. ನಕ್ಷೆಯನ್ನು ಕತ್ತರಿಯ ಕೆಳಗೆ ಇದ್ದ ಹಾಗೇ ಇಟ್ಟೆ.

ಸಂಜೆ ಪೆನ್ಸಿಲ್ ಬಂದು ಮಡಚಿ ಜೇಬಿಗೆ ಹಾಕಿಕೊಂಡು ಹೋದ.

ಮೇ 19, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇದ್ದೆ.

ಇವತ್ತು ವಾರ್ಡ್‌ರೋಬ್ ಬಂತು. ಕೂರಿಸಿದರು. ಮಂಚವೂ ಕೂತಿತು. ಕೂತು, ನಡುವೆ ಕೈ ತೂರುವಷ್ಟು ಸಂದು ಉಳಿಯಿತು. ಮೂರು ಇಂಚು! ನನ್ನ ಲೆಕ್ಕದ ಪ್ರಕಾರ ಒಂದು ನೂಲೂ ಉಳಿಯಬಾರದಿತ್ತು.

ಆಮೇಲೆ ಅತ್ತಿಗೆಯೂ ಪೆನ್ಸಿಲ್ಲೂ ಹೊಲಿಗೆ ಮೆಷಿನ್ ಎತ್ತಿಕೊಂಡು ಬಂದರು. ಆ ಖಾಲಿ ಚೌಕಕ್ಕೆ ತಳ್ಳಿದರು. ಹೋಗಲಿಲ್ಲ. ತಿರುಗಿಸಿದರು. ಹೋಗಲಿಲ್ಲ. ಪೆನ್ಸಿಲ್ ನಕ್ಷೆ ಬಿಚ್ಚಿದ. 51 ಇದೆಯಲ್ಲ, ಬೇರೆ ಖಾನೆ ಮುಟ್ಟುವ ಹಾಗಿರಲಿಲ್ಲ, ಕೆಳಗಿನದರಲ್ಲೇ ಮೂರು ಇಂಚು ಕಡಿಮೆ ಮಾಡಿದೆ ಅಂದ.

ಅತ್ತಿಗೆ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಸೆರಗು ಸರಿಮಾಡಿಕೊಂಡೆ.

"ನಾನೇ ತಿದ್ದಿದ್ದು ಕಣಪ್ಪ. ಮಂಚಕ್ಕೆ ಸಾಲಲ್ಲ ಅನ್ನಿಸ್ತು," ಅಂದರು ಅತ್ತಿಗೆ.

"ಅಳತೆ ತೆಗೆಯೋ ಕೈಯೇ ಹಿಂಗ್ ಮಾಡಿದ್ರೆ, ನಿಮ್ಮತ್ರ ಅಂಗಿ ಹೊಲಿಸ್ಕೊಂಡೋರ ಗತಿ ಏನಕ್ಕ?"

ಅತ್ತಿಗೆ ನಕ್ಕರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ತಾವು ಮಾಡದ್ದನ್ನು ತಾವೇ ಮಾಡಿದ್ದು ಅನ್ನುವವರನ್ನು ನಂಬುವುದು ಹೇಗೆ?

ಮೇ 20, ಶುಕ್ರವಾರ

ಅಂಗಿಯ ರಾಶಿ ಮುಂದಿಟ್ಟುಕೊಂಡು ಕೂತಿದ್ದೆವು. ಅತ್ತಿಗೆ ತಲೆ ಎತ್ತದೆ ಕೇಳಿದರು.

"ಯಾವುದ್ರಲ್ಲಿ ಅಳೆದೆ ಪುಟ್ಟಿ?"

ಟೇಪಿನ ಕಡೆ ನೋಡಿದೆ. ಅವರು ಅದನ್ನು ಎಳೆದು ಹಿತ್ತಾಳೆಯ ತುದಿಯನ್ನು ನನ್ನ ಕಣ್ಣ ಮುಂದೆ ಹಿಡಿದರು. ಹಿತ್ತಾಳೆ ಆದ ಮೇಲೆ ಬರುವ ಮೊದಲ ಅಂಕಿ ನಾಲ್ಕು. ಒಂದು ಇಲ್ಲ, ಎರಡು ಇಲ್ಲ, ಮೂರು ಇಲ್ಲ. ನಾನು ನೋಡಿದ್ದು ಕೊನೆಯ ಅಂಕಿ ಮಾತ್ರ.

ಮದುವೆಯಾದ ವರ್ಷವೇ ಇಸ್ತ್ರಿಪೆಟ್ಟಿಗೆ ತಾಗಿ ಮೂರು ಇಂಚು ಸುಟ್ಟುಹೋಯಿತಂತೆ. ಕತ್ತರಿಸಿ ತುದಿಗೆ ಹಿತ್ತಾಳೆ ಮತ್ತೆ ಕಚ್ಚಿಸಿದರಂತೆ. ಅಂದಿನಿಂದ ಎಲ್ಲರ ಎದೆ, ಸೊಂಟ, ತೋಳು — ಮೂರು ಕಳೆದೇ ಹೇಳುವುದು. ಹೊಸದು ಕೊಂಡರೆ ಕೈ ತಪ್ಪುತ್ತದಂತೆ. ನನಗೆ ಮುಟ್ಟಲು ಬಿಡದಿದ್ದದ್ದು ಇದಕ್ಕೇ.

ನಾನು ತಿದ್ದಿದ್ದು ಅಂತ ಹೇಗೆ ಗೊತ್ತಾಯಿತು ಅಂದೆ. ನೆಲ ನೋಡಿಕೊಂಡೇ ಅಂದೆ.

"ದಿನಾ ಗುಂಡಿ ಎಣಿಸಿ ಬರೀತೀಯಲ್ಲ. ನಿನ್ನ ಒಂದು ಯಾವಾಗ್ಲೂ ಬಿದ್ದೋಗೋ ಹಂಗೆ ಬಾಗಿರುತ್ತೆ."

ಆ ಮೆಷಿನ್ ನನಗಂತೆ. ಅತ್ತಿಗೆಗೆ ಹೊರಗಿನ ಕೋಣೆಗೆ ಬೇರೆ ಮೆಷಿನ್ ಬರುತ್ತದೆ. ಮಂಚದ ಮೇಲೆ ಕೂತೇ ತುಳಿಯಲಿ ಅಂತ ಮಂಚದ ಪಕ್ಕದಲ್ಲೇ ಆ ಚೌಕ ಮಾಡಿಸಿದ್ದು. ಈಗ ಹಲಗೆ ಬಿಚ್ಚಿ ಸರಿಮಾಡಲು ಪೆನ್ಸಿಲ್ಲಿಗೆ ಹತ್ತು ದಿನ ಬೇಕು. ಅಲ್ಲಿಯವರೆಗೆ ಮೆಷಿನ್ ನನ್ನ ಕಾಲಿನ ಕಡೆ ಅಡ್ಡ ನಿಂತಿರುತ್ತದೆ. ಕಾಲು ಮಡಚಿ ಮಲಗಬೇಕು.

ಒಬ್ಬರು ಸುಮ್ಮಸುಮ್ಮನೆ ಇಷ್ಟು ಮಾಡುತ್ತಾರೆಯೇ? ಇನ್ನೂ ಯೋಚಿಸುತ್ತಿದ್ದೇನೆ. ಯೋಚಿಸುವುದಕ್ಕೇ ನಾಚಿಕೆ. ಆದರೂ.

ಮೇ 23, ಸೋಮವಾರ

ಅತ್ತಿಗೆ ಏಳುವ ಮೊದಲು ಎದ್ದೆ. ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯ ಒಂದು ಪಟ್ಟಿ ತೆಗೆದುಕೊಂಡೆ. ಟೇಪಿನ ಹತ್ತರಿಂದ ಹದಿಮೂರರವರೆಗೆ ಇಟ್ಟು ಅಳೆದು, ಹೊಲಿಗೆಗೆ ಒಂದಿಷ್ಟು ಹೆಚ್ಚು ಬಿಟ್ಟು ಕತ್ತರಿಸಿದೆ. ಹಿತ್ತಾಳೆ ಬಿಚ್ಚಿ, ಪಟ್ಟಿಯನ್ನು ಟೇಪಿನ ತುದಿಗೆ ಕೈಯಲ್ಲೇ ಹೊಲಿದು, ಹಿತ್ತಾಳೆ ಮತ್ತೆ ಕಚ್ಚಿಸಿದೆ. ಪೆನ್ನಿನಲ್ಲಿ ಮೂರು ಬರೆದೆ. ಎರಡು ಬರೆದೆ. ಒಂದನ್ನು ನೆಟ್ಟಗೆ ಬರೆಯಲು ಉಸಿರು ಹಿಡಿದೆ. ಆದರೂ ಬಾಗಿತು…