ಐದು ಮಿಲಿಮೀಟರ್ ಲಿಫ್ಟ್

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ

ಮತ್ತೆ ಪಂಪಿನ ಪ್ಲೇಟು. ಉಕ್ಕಿನದು, ಎಡ ಅಂಚೂ ಬಲ ಅಂಚೂ ಬಳುಕಿವೆ. ಆ ಬಳುಕಿನ ಗುಂಟ ಕಟರ್ ಓಡಬೇಕು — ಪ್ರೊಫೈಲ್ ಮಿಲ್ಲಿಂಗ್. ಅದು ಓಡುವ ದಾರಿಯನ್ನು ಮಷೀನಿಗೆ ಬರೆದುಕೊಡುವುದು ನನ್ನ ಕೆಲಸ. ಸ್ಕ್ರೀನಿನ ಮೇಲೆ ಗೆರೆ ಆರಿಸಿದೆ, ಕಟರ್ ಆರಿಸಿದೆ, ಆಳ, ವೇಗ ಕೊಟ್ಟೆ. ಕಟರ್ ಎಡ ಅಂಚು ಮುಗಿಸಿ ಮೇಲೆದ್ದು, ಪ್ಲೇಟಿನ ಮೇಲಿಂದ ಹಾಯ್ದು ಬಲ ಅಂಚಿಗೆ ಇಳಿಯುತ್ತದೆ. ಹಾಗೆ ಮೇಲೇಳುವುದು, ಅಂದರೆ ಲಿಫ್ಟ್, ಎಷ್ಟು? ಸಾಫ್ಟ್‌ವೇರ್ ತಾನಾಗಿ ಐವತ್ತು ಮಿಲಿಮೀಟರ್ ಅಂದಿತು. ಐದಕ್ಕೆ ಇಳಿಸಿದೆ. ಕಟರ್ ಏನು ಗಾಳಿಪಟವೇ, ಅಷ್ಟೆತ್ತರ ಹಾರಾಡಲು? ಎಲ್ಲ ಪ್ರೋಗ್ರಾಮಿನಲ್ಲೂ ನಾನು ಐದೇ ಇಡುವುದು.

ಸಿಮ್ಯುಲೇಷನ್ ಓಡಿಸಿದೆ. ಸ್ಕ್ರೀನಿನಲ್ಲಿ ಪ್ಲೇಟು ಯಾರ ಹಂಗೂ ಇಲ್ಲದೆ ತೇಲುತ್ತಿರುತ್ತದೆ. ಎಲ್ಲ ಹಸಿರು. ಹನ್ನೊಂದು ನಿಮಿಷ.

ಮ್ಯಾನೇಜರ್ ಬಂದು ಬಗ್ಗಿ ನೋಡಿದರು. ಅವರಿಗೆ ನಾವಿಟ್ಟ ಹೆಸರು ಗಡಿಯಾರ. ಎದುರಿಗಲ್ಲ. "ನಿನಗಿಂತ ಮುಂಚೆ ಇದ್ದವನು ಹದಿನೈದು ತಗೊಳ್ತಿದ್ದ. ನೀನು ಬಂದಿದ್ದೇ ಒಳ್ಳೇದಾಯ್ತಮ್ಮ." ನನಗೆ ಎರಡು ಕೋಡು.

ಫೆಬ್ರವರಿ 6, ಗುರುವಾರ. ಸಂಜೆ

ಭಾವನ ಮಷೀನಿನಲ್ಲಿ ಪ್ಲೇಟಿಗೆ ಹನ್ನೊಂದಲ್ಲ, ಹನ್ನೆರಡೂವರೆ ನಿಮಿಷವಂತೆ. ನಾನು ಬರೆದದ್ದನ್ನು ಓಡಿಸುವವರು ಅಕ್ಕನ ಗಂಡ. ಈ ಕೆಲಸ ಕೊಡಿಸಿದ್ದೂ ಅವರೇ. ಆದರೂ ಕೇಳಿಯೇಬಿಟ್ಟೆ.

"ಒಂದೂವರೆ ನಿಮಿಷ ಎಲ್ಲಿ ಹೋಯ್ತು ಭಾವ? ಮಷೀನ್ ಮುದುಕಿ ಆಗಿದ್ಯಾ?"

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ನಕ್ಕರು. ಆಮೇಲೆ ನಗು ನಿಲ್ಲಿಸಿ, "ಬಿಡುವಾದಾಗ ಒಳಗೆ ಬಾ. ಮಷೀನಲ್ಲಿ ಪ್ಲೇಟನ್ನ ಹೇಗೆ ಹಿಡ್ಕೊಂಡಿರ್ತೀವಿ, ಕಣ್ಣಾರೆ ನೋಡು."

ಬರುತ್ತೇನೆ ಅಂದೆ. ಹೋಗುವುದಿಲ್ಲ. ಎಣ್ಣೆ ನಾತಕ್ಕೆ ತಲೆ ಸಿಡಿಯುತ್ತದೆ. ಅವರು ಪಾಠ ಶುರು ಮಾಡಿದರೆ ಮುಗಿಯುವುದೂ ಇಲ್ಲ.

ಫೆಬ್ರವರಿ 11, ಮಂಗಳವಾರ

ಭಾವನ ಕತ್ತಿನ ಮೇಲೆ ಸುಟ್ಟ ಗಾಯ, ಅಕ್ಕಿಕಾಳಿನಷ್ಟು. ಕಟರ್ ಕೆತ್ತಿದ ಉಕ್ಕಿನ ಬಿಸಿ ಸಿಪ್ಪೆ ಹಾರಿದ್ದು. ಅಕ್ಕ ಮುಲಾಮು ಹಚ್ಚುತ್ತಾ ಮಂಗಳಾರತಿ ಮಾಡಿದಳು.

"ಮಷೀನಿನ ಬಾಗಿಲು ಮುಚ್ಕೊಂಡು ಕೆಲಸ ಮಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಮುಚ್ಚಿದ್ರೆ ಸಿಪ್ಪೆ ಊದೋರು ಯಾರು? ಊದದಿದ್ರೆ ಕಟರ್ ಮುರಿಯುತ್ತೆ ಮಾರಾಯ್ತಿ."

ಬಾಗಿಲು ತೆರೆದರೆ ಮಷೀನ್ ತಾನಾಗಿ ನಿಲ್ಲಬೇಕು. ಆ ಸ್ವಿಚ್ಚಿಗೆ ಆಯಸ್ಕಾಂತ ಅಂಟಿಸಿ ಮಂಕುಬೂದಿ ಎರಚಿದ್ದಾರೆ. ಗಡಿಯಾರಕ್ಕೂ ಗೊತ್ತು. ಗಾಳಿ ಪೈಪು ಹಿಡಿದು, ಮುಖ ಒಳಗಿಟ್ಟು, ತಿರುಗುವ ಕಟರಿನಿಂದ ಗೇಣು ದೂರದಲ್ಲಿ ಊದುತ್ತಾರೆ. ಹತ್ತೊಂಬತ್ತು ವರ್ಷದಿಂದ.

"ಇವಳ ಕಂಪ್ಯೂಟರ್ ಹೇಳಿದ್ದೆಲ್ಲ ಕೇಳ್ತೀರಿ, ನಾನು ಹೇಳಿದ್ದೊಂದು ಕೇಳಲ್ಲ" ಅಂದಳು ಅಕ್ಕ. ಎಲ್ಲರೂ ನಕ್ಕೆವು. ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಆ ಗಾಯಕ್ಕೇ ಹೋಗುತ್ತಿತ್ತು. ಯಾಕೋ.

ಫೆಬ್ರವರಿ 24, ಸೋಮವಾರ

ಬರೆಯದೆ ಎಷ್ಟು ದಿನ... ಕೆಲಸ, ಕೆಲಸ. ಹದಿನೇಳು ಪ್ರೋಗ್ರಾಂ ಆಯಿತು. ಒಂದೂ ಕೆಟ್ಟಿಲ್ಲ. ಕೆಲಸ ಕಾಯಂ ಮಾಡಿದರು. ಭಾವ ಶಿಫಾರಸು ಮಾಡಿದರಂತೆ — "ಹುಡುಗಿ ಕೈ ಚೊಕ್ಕ, ತಿದ್ದೋ ಹಾಗೇ ಇಲ್ಲ" ಅಂತ. ಓದಿದವಳಿಗೆ ಇದೇನು ಮಹಾ ಅಂದುಕೊಂಡೆ. ಒಳಗೊಳಗೆ ಹಿಗ್ಗು.

ಊಟಕ್ಕೆ ಕೂತಾಗ ಕೆಟ್ಟ ಸುದ್ದಿ. ಪಕ್ಕದ ಬೀದಿಯ ವರ್ಕ್‌ಶಾಪಿನಲ್ಲಿ ಕಟರ್ ಎಲ್ಲಿಗೋ ಬಡಿದು ಮುರಿದು, ಚೂರು ಆಪರೇಟರ್ ಕೆನ್ನೆಗೆ ಹೊಕ್ಕಿತಂತೆ. ಭಾವ ಡಬ್ಬಿ ಮುಚ್ಚುತ್ತಾ, "ಡ್ರೈ ರನ್ ಮಾಡಿರಲ್ಲ ಕಳ್ಳ" ಅಂದರು. ಹೊಸ ನಂಬರಿನ ಪ್ರೋಗ್ರಾಂ ಬಂದರೆ ಭಾವ ಮೊದಲು ಅದನ್ನು ಬರೀ ಗಾಳಿಯಲ್ಲಿ ಓಡಿಸುತ್ತಾರೆ, ಅರ್ಧ ಗಂಟೆ, ಒಂದೊಂದೇ ಸಾಲು. ಸರಿ ಅನಿಸಿದರೆ ಶೀಟಿಗೆ ಸಹಿ. ಆಮೇಲೆ ಆ ನಂಬರನ್ನು ಕಣ್ಣುಮುಚ್ಚಿ ನಂಬುತ್ತಾರೆ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 8.50

ಪ್ಲೇಟಿನ ಡ್ರಾಯಿಂಗ್ ಬದಲಾಗಿದೆ. ಬಲ ಅಂಚು ಕೂದಲೆಳೆಯಷ್ಟು ಒಳಕ್ಕೆ. ಎರಡೇ ನಿಮಿಷದ ಕೆಲಸ. ಹೊಸ ನಂಬರ್ ಕೊಡಲು ಹೋದೆ.

ಗಡಿಯಾರ ತಡೆದರು. "ಹೊಸ ನಂಬರ್ ಅಂದ್ರೆ ನಿಮ್ಮ ಭಾವ ಮತ್ತೆ ಡ್ರೈ ರನ್ ಅಂತ ಕೂರ್ತಾನೆ. ಹಳೇದರ ಮೇಲೇ ಕಳಿಸು. ಮಧ್ಯಾಹ್ನಕ್ಕೆ ಲಾರಿ ಬರುತ್ತೆ."

ಕಳಿಸಿದೆ. ಮನಸ್ಸು ಒಪ್ಪದೆ ಇಂಟರ್‌ಕಾಮ್ ಮಾಡಿದೆ. "ಭಾವ, ಪ್ಲೇಟಿಂದು ಹಳೇ ನಂಬರಲ್ಲೇ ಕಳಿಸಿದೀನಿ. ಬಲ ಅಂಚು ಮಾತ್ರ ಸ್ವಲ್ಪ ಬದಲು."

"ಉಳಿದಿದ್ದೆಲ್ಲ ಹಾಗೇ ಇದೆ ತಾನೆ?"

"ಹಾಗೇ ಇದೆ ಭಾವ."

"ಸರಿ ಹಾಗಾದ್ರೆ. ಈ ಜಾಬ್ ಮುಗಿಸಿ ಹಾಕ್ತೀನಿ."

ಮಾರ್ಚ್ 4. ಬೆಳಿಗ್ಗೆ 10.20

ತಿಂಗಳ ಬ್ಯಾಕಪ್. ಈವರೆಗೆ ಮಾಡಿಯೇ ಇರಲಿಲ್ಲ, ಬೈಸಿಕೊಂಡೆ. ಭಾವನ ಮಷೀನಿನಲ್ಲಿರುವ ಪ್ರೋಗ್ರಾಂಗಳನ್ನು ಇತ್ತ ಎಳೆದುಕೊಂಡು, ನನ್ನವುಗಳ ಜೊತೆ ಹೋಲಿಸಿ ನೋಡುವುದು. ವ್ಯತ್ಯಾಸ ಇದ್ದರೆ ಕೆಂಪು ಗೆರೆ ಬರುತ್ತದೆ. ಕಂಪ್ಯೂಟರ್ ಬಸವನಹುಳು. ಅದು ತೆವಳುವಷ್ಟು ಹೊತ್ತು ಬರೆಯುತ್ತಿರುತ್ತೇನೆ. ಗೋಡೆಯಾಚೆ ಭಾವನ ಮಷೀನ್ ಶುರುವಾಯಿತು.

ಮೊದಲನೆಯದರಲ್ಲೇ ಕೆಂಪು. ಒಂದು ಸಾಲು.

ಎರಡನೆಯದರಲ್ಲೂ ಒಂದು. ಮೂರನೆಯದು... ಇದೇನಿದು! ನನಗೆ ಹೇಳದೆ ನಾನು ಬರೆದದ್ದನ್ನು ತಿದ್ದಿದ್ದಾರೆ. ಏಳರಲ್ಲೂ. ತಿದ್ದುವ ಹಾಗೇ ಇಲ್ಲ ಅಂದಿದ್ದರಲ್ಲ, ಎಲ್ಲರೆದುರು? ಮೈ ಉರಿಯುತ್ತಿದೆ. ಸಂಜೆ ಕೇಳಿಯೇ ತೀರುತ್ತೇನೆ.

ಒಂಬತ್ತು. ಹತ್ತು. ಎಲ್ಲದರಲ್ಲೂ ಅದೇ ಸಾಲು — ಮೇಲೇಳುವ ಎತ್ತರ. ನನ್ನದು 5. ಅವರದು 60. ಪಕ್ಕದಲ್ಲಿ ಸಣ್ಣ ಟಿಪ್ಪಣಿ: ಮಧ್ಯದಲ್ಲಿ ಕ್ಲ್ಯಾಂಪ್, ಎತ್ತರ 40.

ಕ್ಲ್ಯಾಂಪ್. ಪ್ಲೇಟನ್ನು ಏನಾದರೊಂದು ಒತ್ತಿ ಹಿಡಿದಿರಬೇಕಲ್ಲ. ನನ್ನ ಸ್ಕ್ರೀನಿನಲ್ಲಿ ಅದು ಇಲ್ಲವೇ ಇಲ್ಲ. ಐದೇ ಮಿಲಿಮೀಟರ್ ಎದ್ದು ಆಚೆ ಅಂಚಿಗೆ ಹಾಯ್ದರೆ ಕಟರ್ ನೇರ ಹೋಗಿ ಬಡಿಯುವುದು ಅದಕ್ಕೇ. ಪ್ರತಿ ಸಲ ನಾನು ತಪ್ಪಿದ್ದೆ, ಪ್ರತಿ ಸಲ ಅವರು ಸದ್ದಿಲ್ಲದೆ ಸರಿಮಾಡಿ ನನ್ನ ಮಾನ ಕಾಯ್ದರು. ಒಂದೂವರೆ ನಿಮಿಷ ಹೋದದ್ದು ಅಲ್ಲಿ. ನಾಚಿಕೆಯಾಗುತ್ತಿದೆ. ಕಣ್ಣು ಮಂಜು.

ಹದಿನೈದು, ಕೆಂಪು. ಹದಿನಾರು, ಕೆಂಪು.

ಹದಿನೇಳು. ಪಂಪಿನ ಪ್ಲೇಟು, ಬೆಳಿಗ್ಗೆ ಕಳಿಸಿದ್ದು. ಕೆಂಪು ಇಲ್ಲ. ವ್ಯತ್ಯಾಸ ಇಲ್ಲ ಅನ್ನುತ್ತಿದೆ.

ಅವರು ತಿದ್ದಿದ್ದರ ಮೇಲೆಯೇ ನಾನು ಕಳಿಸಿಬಿಟ್ಟೆ. 60 ಅಳಿಸಿಹೋಗಿದೆ. ಉಳಿದದ್ದೆಲ್ಲ ಹಾಗೇ ಇದೆ ಅಂದೆ. ನಾನೇ ಅಂದೆ. ಅವರು ನೋಡುವುದಿಲ್ಲ. ಹಳೇ ನಂಬರು, ಸಹಿ ಹಾಕಿದ್ದು.

ಅತ್ತ ಇಂಟರ್‌ಕಾಮ್ ಹೊಡೆದುಕೊಳ್ಳುತ್ತಿದೆ, ಭಾವ ಎತ್ತುತ್ತಿಲ್ಲ. ಗಾಳಿ ಪೈಪಿನ ಸದ್ದು ಕೇಳುತ್ತಿದೆ, ಬಾಗಿಲು ತೆರೆದೇ ಇದೆ, ಎಡ ಅಂಚಿಗೆ ಐದೂವರೆ ನಿಮಿಷ, ನಾನು ಬರೆಯಲು ಕೂತಾಗಲೇ ಶುರುವಾಗಿತ್ತಲ್ಲ, ಅಲ್ಲಿಂದ ಎಷ್ಟು